ಒಂದೇ ಸೌದೆ, ಮೂರು ಸಲ

ಚಿನ್ನದ ಊರಿಗೆ ಸೊಸೆಯಾಗಿ ಹೋಗ್ತಿದ್ದೀಯ, ಪುಣ್ಯವಂತೆ ಕಣೆ ನೀನು ಅಂತ ಬಂಗಾರಪೇಟೆ ಪಕ್ಕದ ನಮ್ಮ ಹಳ್ಳಿಯವರೆಲ್ಲ ಹೇಳಿ ಕಳಿಸಿದ್ದರು. ಬಂದು ನೋಡಿದರೆ ಚಿನ್ನದ ಮಾತು ಹಾಗಿರಲಿ, ಒಲೆಗೆ ಹಾಕೋಕೆ ಒಂದು ಪುಳ್ಳೆಗೂ ಗತಿಯಿಲ್ಲ. ಹಳ್ಳಿಯಲ್ಲಿ ಹೊಲದ ಬದುವಿಗೆ ಹೋದರೆ ಹೊಂಗೆ, ಕೆರೆಯಂಗಳಕ್ಕೆ ಹೋದರೆ ಜಾಲಿ. ಸೌದೆಗೆ ದುಡ್ಡು ಕೊಡೋದು ಅಂದರೆ ನಮ್ಮವ್ವ ನಗುತ್ತಿದ್ದಳು. ಊರಿಗಾಂ ಲೈನಿನಲ್ಲಿ, ಅಂದರೆ ಗಣಿ ಕೂಲಿಯವರ ಸಾಲುಮನೆಗಳಲ್ಲಿ, ಕಡ್ಡಿ ಕಡ್ಡಿಗೂ ಕಾಸು. ರಾಬರ್ಟ್‌ಸನ್‌ಪೇಟೆಯಿಂದ ತಲೆ ಮೇಲೆ ಹೊತ್ತು ತಂದ ಹೊರೆ ವಾರಕ್ಕೆ ಬಂದರೆ ನಮ್ಮ ಭಾಗ್ಯ.

ಕೆಜಿಎಫ್ ಅಂದರೆ ಬರೀ ಬಿಸಿಲು ಅಂದುಕೊಂಡವರು ಪುಷ್ಯ ಮಾಸದಲ್ಲಿ ಒಂದು ಬೆಳಗ್ಗೆ ಅಲ್ಲಿ ಏಳಬೇಕು. ನಮ್ಮದು ತಗಡಿನ ಸೂರು. ಬೇಸಿಗೆಯಲ್ಲಿ ಅದರಡಿ ಹಪ್ಪಳ ಸುಡಬಹುದು, ಚಳಿಗಾಲದಲ್ಲಿ ಅದೇ ತಗಡಿನಿಂದ ಒಳಗಡೆಗೇ ಇಬ್ಬನಿ ತೊಟ್ಟಿಕ್ಕುತ್ತದೆ. ಬೆಳಗಿನ ಜಾವ ಕಂಬಳಿಯ ಮೇಲೆ ಟಪ್ ಅಂತ ಒಂದು ಹನಿ ಬಿತ್ತು ಅಂದರೆ ಮೈಯೆಲ್ಲ ಜುಮ್ಮೆನ್ನೋದು. ಅಗ್ಗಿಷ್ಟಿಕೆ ಇಲ್ಲದೆ ಆ ಮನೆಯಲ್ಲಿ ಇರೋಕಾಗುತ್ತಿರಲಿಲ್ಲ.

ಹಾಗಾಗಿ ನಾನು ಸೌದೆ ಉಳಿಸೋದರಲ್ಲಿ ಎತ್ತಿದ ಕೈ ಆದೆ. ಜಂಬ ಅನ್ನಿ, ಪರವಾಗಿಲ್ಲ, ಜಂಬವೇ. ಒಂದು ಸೌದೆಯನ್ನು ನಾನು ಮೂರು ಸಲ ಬಳಸುತ್ತಿದ್ದೆ. ಬೆಳಗ್ಗೆ ಹಂಡೆ ಒಲೆಗೆ ಇಟ್ಟರೆ ಮೊದಲು ಸ್ನಾನಕ್ಕೆ ನೀರು, ಅದೇ ಉರಿಯಲ್ಲಿ ಪಕ್ಕದ ಒಲೆಗೆ ಮುದ್ದೆ ಎಸರು. ನೀರು ಕಾದ ಮೇಲೆ ಜನ ಕೆಂಡವನ್ನು ಹಾಗೇ ಬಿಟ್ಟು ಬೂದಿ ಮಾಡುತ್ತಾರೆ. ನಾನು ಮಾತ್ರ ಇಕ್ಕಳದಲ್ಲಿ ಒಂದೊಂದೇ ಕೆಂಡ ಎತ್ತಿ ಹಳೇ ಮಡಕೆಗೆ ಹಾಕಿ ಬಾಯಿ ಮುಚ್ಚಿಬಿಡುತ್ತಿದ್ದೆ. ಉಸಿರು ಕಟ್ಟಿ ಕೆಂಡ ಆರಿದರೆ ಒಳ್ಳೇ ಇದ್ದಿಲು. ಸಂಜೆ ಅದೇ ಇದ್ದಿಲು ಅಗ್ಗಿಷ್ಟಿಕೆಗೆ, ಹೊಗೆಯಿಲ್ಲದ ಬಿಸಿ. ಕೊನೆಗೆ ಉಳಿದ ಬೂದಿ ಪಾತ್ರೆ ತಿಕ್ಕೋಕೆ. ಇದರ ಮೇಲೆ ಮರ ಕೊಯ್ಯುವ ಮಿಲ್ಲಿನಿಂದ ಹೊಟ್ಟು ತಂದು, ಡಬ್ಬದ ಒಲೆಯಲ್ಲಿ ನಡುವೆ ಬಾಟಲಿ ನಿಲ್ಲಿಸಿ ಸುತ್ತ ದಮ್ಮಸ್ಸು ಮಾಡಿ, ಬಾಟಲಿ ಎಳೆದು ಉರಿಸುತ್ತಿದ್ದೆ. ಲೈನಿನ ಹೆಂಗಸರು ಹೊಟ್ಟಿನ ಒಲೆ ಕಟ್ಟೋದು ಕಲಿಯೋಕೆ ನನ್ನ ಹತ್ತಿರ ಬರುತ್ತಿದ್ದರು.

ನಮ್ಮ ಯಜಮಾನರು ಭೂಮಿಯೊಳಗೆ ಸಿಡಿಮದ್ದು ಇಡುವ ಗುಂಪಿನಲ್ಲಿ ಕೆಲಸಕ್ಕಿದ್ದರು. ಮಾತು ಕಡಿಮೆ. ಲೈನಿನಲ್ಲೇ ಹುಟ್ಟಿ ಬೆಳೆದವರು, ಅರ್ಧ ಕನ್ನಡ ಅರ್ಧ ತಮಿಳು, ಎರಡೂ ಸೇರಿದರೂ ದಿನಕ್ಕೆ ಹತ್ತು ಮಾತು ದಾಟುತ್ತಿರಲಿಲ್ಲ. ಗಣಿಯೊಳಗೆ ಬಳಸಿ ಬಿಟ್ಟ ಮರದ ತುಂಡನ್ನು ಆಗಾಗ ಕೇಳಿ ತರುತ್ತಿದ್ದರು. ಗೇಟಿನಲ್ಲಿ ಕಾವಲುಗಾರ ಆ ತುಂಡನ್ನು ತಿರುಗಿಸಿ ಮುರುಗಿಸಿ, ತಟ್ಟಿ, ಬಿರುಕಿಗೆ ಕಡ್ಡಿ ಚುಚ್ಚಿ, ಒಳಗೆ ಚಿನ್ನ ಅಡಗಿಸಿಲ್ಲ ಅಂತ ಗೊತ್ತಾದ ಮೇಲೇ ಬಿಡೋನು. ನನಗೆ ಆ ಮರವೇ ಚಿನ್ನ ಅಂತ ಅವನಿಗೇನು ಗೊತ್ತು!

ಅವರದು ಒಂದೇ ಒಂದು ದುರಭ್ಯಾಸ. ಕುಡಿತವಲ್ಲ, ಬೀಡಿಯಲ್ಲ, ಕಿಟಕಿ. ಎಂಥಾ ಚಳಿಯಿದ್ದರೂ ನಮ್ಮ ಒಳಕೋಣೆಯ ಕಿಟಕಿ ತೆಗೆದೇ ಇರಬೇಕು. ನಾನು ಇದ್ದಿಲು ಹಾಕಿ ಕೋಣೆ ಬೆಚ್ಚಗಾಗಿ, ಕೈಕಾಲು ಸಡಿಲವಾಗಿ, ಆಹಾ ಅನ್ನೋ ಹೊತ್ತಿಗೆ ಎದ್ದು ಹೋಗಿ ಕಿಟಕಿಯ ಒಂದು ರೆಕ್ಕೆ ತೆಗೆದು ಬರುತ್ತಿದ್ದರು.

"ಸೌದೆ ದುಡ್ಡೆಲ್ಲ ಕಿಟಕೀಲಿ ಆಚೆಗೆ ಓಯ್ತದೆ, ನೋಡಿ," ಅಂತ ನಾನು.

"ಓಗ್ಲಿ ಬುಡು," ಅಂತ ಅವರು.

ಯಾಕೆ ಅಂತ ಕೇಳಿದರೆ ಉತ್ತರ ಇಲ್ಲ. ಎಂಟು ವರ್ಷ ಇದೇ ರಗಳೆ. ಅವರು ಮಲಗಿದ ಮೇಲೆ ನಾನು ಮುಚ್ಚೋದು, ನಾನು ಮಲಗಿದ ಮೇಲೆ ಅವರು ತೆಗೆಯೋದು. ದುಡಿಯೋ ಗಂಡಸಿಗೆ ಒಲೆಯ ಕಷ್ಟ ಏನು ಗೊತ್ತು, ಕಾಸಿನ ಬೆಲೆ ಗೊತ್ತಿಲ್ಲದ ಮೊಂಡ ಅಂತ ನಾನು ತೀರ್ಮಾನ ಮಾಡಿಬಿಟ್ಟಿದ್ದೆ.

ಅರವತ್ತರ ದಶಕ ಶುರುವಾಗೋ ಹೊತ್ತಿಗೆ ನನ್ನ ತಂಗಿ ಬಸುರಿಯಾದಳು. ಅವಳನ್ನು ಕೊಟ್ಟದ್ದು ಬಂಗಾರಪೇಟೆಯಿಂದ ಆಚೆ ಒಂದು ಹಳ್ಳಿಗೆ, ರಾಗಿ ಹೊಲ, ನಾಕು ಎಮ್ಮೆ ಇದ್ದ ಮನೆ. ಅಷ್ಟರಲ್ಲಿ ನಮ್ಮವ್ವ ತೀರಿಕೊಂಡಿದ್ದಳು. ತವರಲ್ಲಿ ಅವ್ವ ಇಲ್ಲ ಅಂದರೆ ಬಾಣಂತನ ಯಾರು ಮಾಡಬೇಕು? ಅಕ್ಕ. ನಾನು ಮಾಡ್ತೀನಿ ಅಂದೆ. ತಂಗಿಯ ಅತ್ತೆ ಎಲೆ ಅಡಿಕೆ ಹಾಕಿಕೊಳ್ಳುತ್ತಾ, ನನ್ನ ಮುಖ ನೋಡದೆ, "ಒಂದು ಮಗೂನೂ ಎರದೋಳಿಗೆ ಬಾಣಂತನ ಏನು ಗೊತ್ತಮ್ಮ?" ಅಂದಳು.

ನನಗೆ ಮಕ್ಕಳಾಗಿರಲಿಲ್ಲ. ಆಮೇಲೂ ಆಗಲಿಲ್ಲ. ಆ ಮಾತು ಎದೆಗೆ ಚುಚ್ಚಿದ ಹಾಗಾಯಿತು. ಆದರೂ ನಕ್ಕೆ. "ಕಳಿಸಿ ನೋಡಿ ಅತ್ತೆಮ್ಮ, ತಾಯಿ ಮಗೂನ ಗುಂಡುಕಲ್ಲಂಗೆ ತಿರುಗಿ ಕೊಡ್ತೀನಿ," ಅಂದೆ. ಆ ಮಾತು ಉಳಿಸಿಕೊಳ್ಳಲೇಬೇಕು ಅಂತ ಅವತ್ತೇ ಹಟ ಹುಟ್ಟಿತು.

ಸೀಮಂತ ಮುಗಿಸಿಕೊಂಡು ತಂಗಿ ಊರಿಗಾಮಿಗೆ ಬಂದಳು. ಪುಷ್ಯ ಮಾಸದ ನಡುವೆ ಹೆಣ್ಣು ಮಗು ಹುಟ್ಟಿತು. ಒಳಕೋಣೆಯನ್ನು ಬಾಣಂತಿಗೆ ಬಿಟ್ಟು, ನಾನು ಅಡುಗೆಮನೆಯಲ್ಲಿ, ಯಜಮಾನರು ತಡಿಕೆ ಕಟ್ಟಿದ ಮುಂದಿನ ಜಗಲಿಯಲ್ಲಿ. ಬಾಣಂತನಕ್ಕೆ ಎಷ್ಟು ಸೌದೆ ಬೇಕು ಅಂತ ಮಾಡಿದವರಿಗೇ ಗೊತ್ತು. ಬೆಳಗ್ಗೆ ಹಂಡೆಗಟ್ಟಲೆ ಮರಳೋ ನೀರು. ಎರೆದ ಮೇಲೆ ಮಂಚದ ಮೇಲೆ ಮಲಗಿಸಿ, ಕಿವಿಗೆ ಹತ್ತಿ ಇಟ್ಟು, ತಲೆಗೆ ಬಟ್ಟೆ ಕಟ್ಟಿ, ಮಂಚದ ಕೆಳಗೆ ಅಗ್ಗಿಷ್ಟಿಕೆ ಇಟ್ಟು, ಬಾಗಿಲು ಮುಚ್ಚಿ ಬೆವರು ಬರಿಸಬೇಕು. ಶೀತ ಸೋಕಿತೋ, ಜೀವಮಾನವಿಡೀ ಬಾಣಂತಿ ವಾಯು ಅಂತ ನಮ್ಮವ್ವ ಹೇಳುತ್ತಿದ್ದಳು. ಈ ತಂಗಿ ಹುಟ್ಟಿದಾಗ ಒಂಬತ್ತು ವರ್ಷದವಳಾಗಿದ್ದ ನಾನು ಅದನ್ನೆಲ್ಲ ಕಣ್ಣಾರೆ ಕಂಡಿದ್ದೆ.

ಅಂಥಾ ಖರ್ಚಿನಲ್ಲಿ ಬಿಸಿ ಒಂದಿಷ್ಟೂ ಪೋಲಾಗಬಾರದು. ಕಿಟಕಿಯ ಸಂದಿಗೆ ಗೋಣಿಚೀಲ ತುರುಕಿದೆ. ಬಾಗಿಲ ಕೆಳಗೆ ಇನ್ನೊಂದು ಗೋಣಿ. ತಗಡು ಗೋಡೆಗೆ ಸೇರೋ ಕಡೆ ಹಳೇ ಸೀರೆ ಹರಿದು ಸಗಣಿ ಮಣ್ಣಿನಲ್ಲಿ ಅದ್ದಿ ಮೆತ್ತಿದೆ. ಅರ್ಧ ಇದ್ದಿಲಿನಲ್ಲಿ ಇಡೀ ಕೋಣೆ ಕಾವಲಿ ಹಾಗೆ ಕಾಯೋದು. ನನ್ನ ಬುದ್ಧಿಗೆ ನಾನೇ ಶಹಬ್ಬಾಸ್ ಅಂದುಕೊಂಡೆ. ಅವ್ವನ ಹಳ್ಳಿ ಮನೆಯಲ್ಲಿ ಮಲಗಿ ಮೇಲೆ ನೋಡಿದರೆ ನಾಡಹೆಂಚಿನ ಸಂದಿಯಲ್ಲಿ ಆಕಾಶ ಕಾಣುತ್ತಿತ್ತು. ಅಷ್ಟು ಬಿಸಿ ಸುಮ್ಮನೆ ಹೋಗುತ್ತಿತ್ತಲ್ಲ, ಅವ್ವನಿಗೆ ಇದು ಹೊಳೆಯಲೇ ಇಲ್ಲವಲ್ಲ ಅಂತ ನಗು ಕೂಡ ಬಂತು.

ಯಜಮಾನರು ಗೋಣಿ ನೋಡಿದರು. "ಒಂದು ಬೆರಳಷ್ಟಾದ್ರೂ ತೆಗ್ದಿರು," ಅಂದರು.

"ಬಾಣಂತಿ ಕೋಣೆ ಉಸಾಬರಿ ಗಂಡಸರಿಗ್ಯಾಕೆ? ನಿಮ್ಮ ಸುರಂಗದ ಕೆಲ್ಸ ನೀವು ನೋಡ್ಕಳಿ," ಅಂದೆ.

ಬಾಣಂತಿ ಕೋಣೆಯ ಹೊಸ್ತಿಲು ಗಂಡಸರು ದಾಟುವಂತಿಲ್ಲ, ಅದರಲ್ಲೂ ಭಾವ. ಎದ್ದು ಜಗಲಿಗೆ ಹೋದರು.

ಹತ್ತು ಹನ್ನೆರಡು ದಿನ ಚೆನ್ನಾಗಿಯೇ ನಡೆಯಿತು. ಆಮೇಲೆ ತಂಗಿ, "ಅಕ್ಕಾ, ತಲೆ ಭಾರ. ಏನೋ ವಾಂತಿ ಬಂದಂಗಾಯ್ತದೆ," ಅಂದಳು. ನನಗೆ ದಿಗಿಲಾಯಿತು. ಶೀತ! ಎಲ್ಲೋ ಒಂದು ಸಂದಿಯಿಂದ ಗಾಳಿ ನುಗ್ಗುತ್ತಿದೆ ಅಂದುಕೊಂಡೆ. ಹುಡುಕಿ ಹುಡುಕಿ ಉಳಿದಿದ್ದ ಒಂದು ತೂತನ್ನೂ ಮುಚ್ಚಿದೆ. ಬೆಳ್ಳುಳ್ಳಿ ಸುಟ್ಟು ಕೊಟ್ಟೆ, ಮೆಣಸಿನ ಸಾರು ಕುಡಿಸಿದೆ, ಇನ್ನೊಂದು ಹಿಡಿ ಇದ್ದಿಲು ಹಾಕಿದೆ. ಮಾರನೇ ದಿನ ತಲೆನೋವು ಜಾಸ್ತಿಯಾಯಿತು. ನಾನು ಇದ್ದಿಲನ್ನೂ ಜಾಸ್ತಿ ಮಾಡಿದೆ. ಮಗುವಿನ ಕೆನ್ನೆ ಮಾತ್ರ ಕೆಂಪಗೆ, ಒಳ್ಳೇ ದಾಳಿಂಬೆ ಕಾಳಿನ ಹಾಗೆ ಇತ್ತು. ಅಳುವೂ ಕಡಿಮೆ. ತಂಗಿಯ ಅತ್ತೆ ಈಗ ಬಂದು ನೋಡಬೇಕು ಅಂತ ಮನಸ್ಸಿನಲ್ಲೇ ಹಿಗ್ಗಿದೆ.

ಮೂರನೇ ದಿನ ಬೆಳಗ್ಗೆ ಇಬ್ಬರಿಗೂ ನೀರು ಎರೆದು, ಮಲಗಿಸಿ, ಅಗ್ಗಿಷ್ಟಿಕೆ ತುಂಬಾ ಕೆಂಡ ಹಾಕಿ ಮಂಚದ ಕೆಳಗೆ ನೂಕಿ ಬಾಗಿಲು ಎಳೆದುಕೊಂಡೆ. ಹಿತ್ತಲಲ್ಲಿ ಕೂತು ಹೊಟ್ಟಿನ ಒಲೆಗೆ ಹೊಟ್ಟು ದಮ್ಮಸ್ಸು ಮಾಡುತ್ತಿದ್ದೆ. ಸುಮಾರು ಹೊತ್ತಾಗಿತ್ತು. ರಾತ್ರಿ ಪಾಳಿ ಮುಗಿಸಿಕೊಂಡು ಯಜಮಾನರು ಬಂದರು. ಬೂಟೂ ಬಿಚ್ಚದೆ ಕೈ ತೊಳೆಯೋಕೆ ಚೊಂಬು ತಗೊಂಡರು.

"ಮಗು ಯಾಕೆ ಅಳ್ತಿಲ್ಲ ಇವತ್ತು?"

"ತಾಯಿ ಮಗಳು ಬೆಚ್ಚಗೆ ಮಲ್ಗವ್ರೆ. ಸದ್ದು ಮಾಡ್ಬ್ಯಾಡಿ."

"ನಿನ್ನ ತಂಗಿ ಉಸಾರಾಗವ್ಳಾ?"

"ಮೂರು ದಿನದಿಂದ ತಲೆ ಸಿಡಿತ, ಓಕರಿಕೆ ಅಂತಾವ್ಳೆ. ಶೀತ. ಅದಕ್ಕೇ ಇವತ್ತು ಜಾಸ್ತಿ ಕೆಂಡ ಆಕಿವ್ನಿ."

ಚೊಂಬು ಅವರ ಕೈಯಿಂದ ಬಿತ್ತು. ನಾನು ಏನು ಅಂತ ಕೇಳೋದರೊಳಗೆ ಒಳಗೆ ಓಡಿದ್ದರು. ಬಾಗಿಲಿನ ಕೆಳಗಿನ ಗೋಣಿ ಸಿಕ್ಕಿಕೊಂಡಿತ್ತು, ಹೆಗಲು ಕೊಟ್ಟು ಗುದ್ದಿದರು. ಗಣಿಯ ಮಣ್ಣು ಮೆತ್ತಿದ ಬೂಟಿನಲ್ಲಿ ಬಾಣಂತಿ ಕೋಣೆಗೆ ನುಗ್ಗಿ ಮಗುವನ್ನು ಎತ್ತಿ ತಂದು ನನ್ನ ಕೈಗೆ ಹಾಕಿ, "ಆಚೆಗೆ ನಡಿ! ಬಯಲಿಗೆ ನಡಿ!" ಅಂದರು. ಎಂಟು ವರ್ಷದಲ್ಲಿ ಅವರು ಕೂಗಿದ್ದು ಅದೇ ಮೊದಲು. ಮತ್ತೆ ಒಳಗೆ ಹೋದರು. ಹಿಂತಿರುಗಿದಾಗ ನನ್ನ ತಂಗಿಯ ಕಂಕುಳಿಗೆ ಕೈ ಹಾಕಿ ನೆಲದ ಮೇಲೆ ದರದರ ಎಳೆದುಕೊಂಡು ಬರುತ್ತಿದ್ದರು. ಅವಳ ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಹೋಗಿತ್ತು, ಹಿಮ್ಮಡಿ ಹೊಸ್ತಿಲಿಗೆ ಬಡಿಯಿತು.

ಹಸಿ ಬಾಣಂತಿ! ಪುಷ್ಯದ ಚಳಿಗಾಳಿ! ಭಾವನೇ ಮುಟ್ಟಿ ಎಳೆಯೋದು, ಲೈನಿನ ಜನರೆಲ್ಲ ನೋಡೋದು! ನನಗೆ ತಲೆ ಕೆಟ್ಟುಹೋಯಿತು. "ಅಯ್ಯೋ ಪಾಪಿ, ಕೊಂದ್ಯಲ್ಲೋ ನನ್ನ ತಂಗೀನ!" ಅಂತ ಕಿರುಚಿದೆ. ಗಂಡನನ್ನು ಏಕವಚನದಲ್ಲಿ ಕರೆದೆ. ಒಂದು ಕೈಯಲ್ಲಿ ಮಗು, ಇನ್ನೊಂದು ಕೈಯಲ್ಲಿ ಅವರ ಬೆನ್ನಿಗೆ ಗುದ್ದಿದೆ. ಒಂದು ಸಲ ಅಲ್ಲ, ಮೂರು ಸಲ. ಅವರು ತಿರುಗಿಯೂ ನೋಡಲಿಲ್ಲ. ತಂಗಿಯನ್ನು ಬೀದಿ ಬದಿಯ ಕಲ್ಲಿಗೆ ಒರಗಿಸಿ, ನನ್ನ ಕೈಯಿಂದ ಮಗು ಕಿತ್ತುಕೊಂಡು, ಕುಲಾವಿ ಕಿತ್ತು, ಸುತ್ತಿದ್ದ ಬಟ್ಟೆಯೆಲ್ಲ ಬಿಚ್ಚಿ, ಅಂಗಾಲಿಗೆ ಬೆರಳಲ್ಲಿ ಪಟಪಟ ಹೊಡೆಯತೊಡಗಿದರು.

ಆಗ ನಾನು ಮಗುವನ್ನು ಸರಿಯಾಗಿ ನೋಡಿದೆ. ಕೆನ್ನೆ ಅದೇ ದಾಳಿಂಬೆ ಕೆಂಪು. ತಲೆ ಮಾತ್ರ ತೊಟ್ಟು ಮುರಿದ ಕಾಯಿ ಹಾಗೆ ಜೋತು ಬಿದ್ದಿತ್ತು. ಬೆತ್ತಲೆ ಮೈಗೆ ಚಳಿಗಾಳಿ ಹೊಡೆದರೂ ಮುಖ ಕಿವುಚಲಿಲ್ಲ. ಎದುರು ಮನೆಯ ಮುದುಕಿ "ಮುರುಗಾ, ಮುರುಗಾ" ಅಂತಿದ್ದಳು. ಯಜಮಾನರು ಮಗುವಿನ ಬಾಯಿಗೆ ಬಾಯಿ ಇಟ್ಟು ಮೆಲ್ಲಗೆ ಊದಿದರು, ಮತ್ತೆ ಅಂಗಾಲಿಗೆ ಹೊಡೆದರು, ಮತ್ತೆ ಊದಿದರು. ಎಷ್ಟು ಹೊತ್ತೋ ನನಗೆ ಗೊತ್ತಿಲ್ಲ. ಕೊನೆಗೆ ಬೆಕ್ಕಿನ ಮರಿ ಕೆಮ್ಮಿದ ಹಾಗೆ ಒಂದು ಸದ್ದು ಬಂತು. ಆಮೇಲೆ ಅಳು.

ಅಂಥಾ ಇಂಪಾದ ಅಳು ನಾನು ಜನ್ಮದಲ್ಲಿ ಕೇಳಿಲ್ಲ. ಆ ಕಡೆ ತಂಗಿ ವಾಂತಿ ಮಾಡಿಕೊಂಡು ಕಣ್ಣು ಬಿಟ್ಟಳು. "ಅಕ್ಕಾ, ಚಳಿ," ಅಂದಳು. ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಇನ್ನೊಂದು ಗಳಿಗೆ ಕಳೆದಿದ್ದರೆ ಅಂತ ಡಾಕ್ಟರು ಮಾತು ಅರ್ಧಕ್ಕೇ ನಿಲ್ಲಿಸಿದರು.

ಅವತ್ತು ಸಂಜೆ ಯಜಮಾನರು ಜಗಲಿಯಲ್ಲಿ ಕೂತು, ನಾನು ಕೇಳದೆಯೇ ಹೇಳಿದರು. ಕೆಳಗೆ ಮದ್ದು ಸಿಡಿಸಿದ ಮೇಲೆ ಗಾಳಿ ತಿಳಿಯಾಗೋ ತನಕ ಯಾರೂ ಆ ಕಡೆ ಹೋಗಬಾರದು. "ಒಗೆ ಆದ್ರೆ ಕಣ್ಣಿಗೆ ಕಾಣ್ತದೆ, ಓಡ್ಬೋದು. ಕಾಣದ್ದು ಒಂದೈತೆ, ಇಸದ ಗಾಳಿ. ವಾಸನೆ ಇಲ್ಲ, ಬಣ್ಣ ಇಲ್ಲ. ತಲೆ ನೋಯ್ತದೆ, ಓಕರಿಕೆ ಬತ್ತದೆ, ಆಮ್ಯಾಕೆ ನಿದ್ದೆ." ಮದುವೆಗೆ ಮುಂಚೆ ಅವರ ಜೊತೆಗಾರನೊಬ್ಬ ಅವಸರ ಮಾಡಿ ಮುಂದೆ ಹೋಗಿದ್ದನಂತೆ. ಇವರು ಹೋಗಿ ನೋಡಿದಾಗ ಗೋಡೆಗೆ ಒರಗಿ ಕೂತಿದ್ದ, ಕೆನ್ನೆ ಕೆಂಪಗೆ, ಮದುವೆಗಂಡಿನ ಹಾಗೆ. ಎತ್ತಿಕೊಂಡು ಬಂದದ್ದು ಇವರೇ. ಕೆಂಡದಿಂದಲೂ ಅದೇ ಬರುತ್ತೆ ಅಂತ ಅವರಿಗೆ ಗೊತ್ತಿತ್ತು.

"ಯಾಕೆ ಹೇಳ್ಲಿಲ್ಲ? ಎಂಟು ವರ್ಷ ಯಾಕೆ ಬಾಯಿ ಬಿಡ್ಲಿಲ್ಲ?" ಅಂತ ಅವರ ಮೇಲೆಯೇ ರೇಗಿದೆ. ಬೇರೆ ಏನು ಮಾಡಬೇಕು ಅಂತ ತೋಚಲಿಲ್ಲ.

"ಮನೇಗೆ ತರೋ ಮಾತಾ ಅದು?" ಅಂದರು.

ಗುದ್ದಿದ್ದಕ್ಕೆ ತಪ್ಪಾಯ್ತು ಅನ್ನೋ ಬದಲು, ಎದ್ದು ಹೋಗಿ ಕಿಟಕಿಯಿಂದ ಗೋಣಿ ಎಲ್ಲ ಕಿತ್ತೆ. ಉಳಿದ ಬಾಣಂತನದಲ್ಲಿ ಕೆಂಡವನ್ನು ಬಯಲಲ್ಲೇ ಇಟ್ಟು, ಇಟ್ಟಿಗೆ ಕಾಯಿಸಿ ಬಟ್ಟೆ ಸುತ್ತಿ ಮಂಚದಲ್ಲಿಡುತ್ತಿದ್ದೆ. ಸೌದೆ ಎರಡು ಪಟ್ಟು ಹಿಡಿಯಿತು. ಹಿಡಿಯಲಿ ಬಿಡಿ.

ಮೂರು ತಿಂಗಳಿಗೆ ತಂಗಿಯ ಅತ್ತೆ ಸೊಸೆಯನ್ನು ಕರೆದುಕೊಂಡು ಹೋಗೋಕೆ ಬಂದಳು. ಮಗುವನ್ನು ತೊಡೆ ಮೇಲೆ ಮಲಗಿಸಿಕೊಂಡು ಕೈ ಕಾಲು ಒತ್ತಿ ನೋಡಿದಳು, ಮಡಿಕೆ ಬಿದ್ದ ತೊಡೆ ಸವರಿದಳು. "ಅಂದಂಗೇ ಮಾಡಿದ್ದೀಯ ಕಣಮ್ಮ. ಎತ್ತ ತಾಯೀನೂ ಇಂಗೆ ಬೆಚ್ಚಗೆ ನೋಡ್ಕತಿರ್ಲಿಲ್ಲ. ಅವತ್ತು ನಾನಂದ ಮಾತು ಮನಸ್ಸಲ್ಲಿ ಇಟ್ಕಬ್ಯಾಡ," ಅಂದಳು.

ಈ ಮಾತಿಗಾಗಿಯೇ ನಾನು ಕಾದಿದ್ದೆನಲ್ಲ! ಬಾಗಿಲ ಹಿಂದೆ ನಿಂತಿದ್ದ ತಂಗಿ ಬೇಡ ಬೇಡ ಅಂತ ಕಣ್ಣಲ್ಲೇ ಸನ್ನೆ ಮಾಡಿದಳು. ಆ ಹೊಗಳಿಕೆ ನುಂಗೋಕೆ ನನ್ನಿಂದ ಆಗಲಿಲ್ಲ. ಎಲ್ಲ ಹೇಳಿಬಿಟ್ಟೆ. ಗೋಣಿ, ಇದ್ದಿಲು, ತಲೆನೋವು, ಕೆಂಪು ಕೆನ್ನೆ, ಎಲ್ಲ. "ನಾನು ಕೊಲ್ಲೋಕೆ ಕೂತಿದ್ದೆ ಅತ್ತೆಮ್ಮ. ಉಳಿಸಿದ್ದು ಅವ್ರು," ಅಂದೆ. ಬೈಗುಳಕ್ಕೆ ತಲೆ ತಗ್ಗಿಸಿ ನಿಂತೆ.

ಬೈಗುಳ ಬರಲಿಲ್ಲ. ತಲೆ ಎತ್ತಿದರೆ ಅವಳು ನನ್ನನ್ನು ನೋಡುತ್ತಿರಲಿಲ್ಲ, ಜಗಲಿಯಲ್ಲಿದ್ದ ನಮ್ಮ ಯಜಮಾನರನ್ನು ನೋಡುತ್ತಿದ್ದಳು.

"ಕೆನ್ನೆ ಕೆಂಪಗಾಯ್ತದಾ ಅಪ್ಪ?" ಅಂತ ಕೇಳಿದಳು.

"ಊಂ," ಅಂದರು.

"ತಾಯಿಗೂ ತಲೆ ಸಿಡೀತದಾ?"

"ಊಂ ಅಮ್ಮ."

ಅವಳು ಮಗುವನ್ನು ಎದೆಗೆ ಅವುಚಿಕೊಂಡಳು. "ನನ್ನ ಮೊದಲನೇದು ಗಂಡು," ಅಂದಳು. "ಇಪ್ಪತ್ತು ದಿನದ್ದು. ನಮ್ದು ಮಾಳಿಗೆ ಮನೆ. ಬಾಣಂತಿ ಕೋಣೇಲಿ ಮಂಚದ ಕೆಳಗೆ ಕೆಂಡ, ಮ್ಯಾಲೆ ಒಂದೇ ಬೆಳಕಿಂಡಿ. ಚಳಿ ಬತ್ತದೆ ಅಂತ ನಾನೇ ಹೇಳಿ ಮಡಕೆ ಕವುಚಿಸಿದ್ದೆ. ಬೆಳಗ್ಗೆ ಎದ್ದಾಗ ನಂಗೆ ತಲೆ ಎತ್ತಕ್ಕಾಯ್ತಿರ್ಲಿಲ್ಲ. ಮಗ ಕೆಂಪಗೆ, ನಗ್ತಾ ಮಲಗಿದಂಗಿತ್ತು. ಯಾರ ಕಣ್ಣೋ ಬಿತ್ತು ಅಂದ್ರು. ಮೂವತ್ತು ವರ್ಷ ಒಬ್ಬಳನ್ನ ಬೈಕೊಂಡು ಬಂದಿವ್ನಿ ಕಣಮ್ಮ. ಪಕ್ಕದ ಮನೆಯೋಳು, ಮಕ್ಕಳಿಲ್ಲದೋಳು, ಹಿಂದಿನ ದಿನ ಬಂದು ಮಗೂನ ಎತ್ಕಂಡಿದ್ಲು."

ನಾನು ಹೋಗಿ ಅವಳ ಪಕ್ಕ ಕೂತೆ. ಇಬ್ಬರೂ ಅತ್ತೆವು. ಅವಳು ಯಾವುದಕ್ಕೆ, ನಾನು ಯಾವುದಕ್ಕೆ ಅಂತ ಬೇರೆ ಮಾಡೋ ಹಾಗಿರಲಿಲ್ಲ.

ಮಗುವಿನ ವರ್ಷದ ಹುಟ್ಟುಹಬ್ಬಕ್ಕೆ ಅವರ ಹಳ್ಳಿಗೆ ಹೋಗಿದ್ದೆ. ಆ ಕೋಣೆಯನ್ನು ನೋಡಲೇಬೇಕು ಅನ್ನಿಸಿತು. ಬೆಳಕಿಂಡಿಗೆ ಮಡಕೆ ಇರಲಿಲ್ಲ. ಅದರಡಿ ನೆಲದ ಮೇಲೆ ಒಂದು ಕೊಳಗ ಇಟ್ಟಿದ್ದರು. ಮಳೆ ಬಂದರೆ ನೀರು ಬೀಳುತ್ತದಲ್ಲ, ಅದಕ್ಕೆ. ಅಡುಗೆಮನೆಯಲ್ಲಿ ಒಬ್ಬ ಹೆಂಗಸು ಒಬ್ಬಟ್ಟಿನ ಹೂರಣ ರುಬ್ಬುತ್ತಿದ್ದಳು, ತಂಗಿಯ ಅತ್ತೆಗಿಂತ ನಾಕೈದು ವರ್ಷ ದೊಡ್ಡವಳು. ಪಕ್ಕದ ಮನೆಯವಳು ಅಂತ ತಂಗಿ ಕಿವಿಯಲ್ಲಿ ಹೇಳಿದಳು. ಆರತಿ ಹೊತ್ತಿಗೆ ತಂಗಿಯ ಅತ್ತೆ ಮಗುವನ್ನು ತಂದು ಮೊದಲು ಅವಳ ಮಡಿಲಿಗೆ ಹಾಕಿದಳು. "ಎತ್ಕೋ," ಅಂದಳು. ಅವಳು ಕೈ ಒರೆಸಿಕೊಳ್ಳೋದನ್ನೂ ಮರೆತು, ಹೂರಣ ಮೆತ್ತಿದ ಕೈಯಲ್ಲೇ ಮಗುವನ್ನು ಎತ್ತಿಕೊಂಡಳು.